ಕೆಡ್ಡಸದ ಮೂರು ದಿನ

ಮಕರ ತಿಂಗಳು ಮುಗಿಯಲು ಇನ್ನು ನಾಲ್ಕೇ ದಿನ.
ಮರಕಡದ ನಮ್ಮ ಓಣಿಯಲ್ಲಿ ಎದೆಮಟ್ಟದ ಕಣಿ,
ಕಣಿಯ ದಡಕ್ಕೆ ಕೆಂಪು ಮಣ್ಣು, ನೀಲಿ ಪೈಪಿನ ಸುರುಳಿ.
ನಳ್ಳಿ ಬರುತ್ತದೆಂದು ಎರಡು ತಿಂಗಳಿಂದ
ಕೊಡಗಳೆಲ್ಲ ಬಾಯಿ ತೆರೆದು ಕೂತಿವೆ.

ಸಂಜೆಗೆ ಪೊಡಿಯಣ್ಣ ಬಂದ.
ಅವನ ಅಜ್ಜ ಗದ್ದೆಯ ಹುಣಿಯಲ್ಲಿ ನಡೆದು ಸಾರುತ್ತಿದ್ದನಂತೆ;
ಇವನು ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ಕಂಕುಳಲ್ಲಿ ಹಿಡಿದು
ಗೇಟಿನಿಂದ ಗೇಟಿಗೆ:
ನಾಳೆ ಕೆಡ್ಡಸ.
ಹಸಿ ಕಡಿಯಬೇಡಿ, ಒಣಗಿದ್ದು ಮುರಿಯಬೇಡಿ,
ಮಣ್ಣಿಗೆ ಕಬ್ಬಿಣ ತಾಗಿಸಬೇಡಿ.
ಜೆಸಿಬಿಯ ಎದುರು ನಿಂತೂ ಅಷ್ಟನ್ನೇ ಹೇಳಿದ,
ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಕಂಟ್ರಾಕ್ಟರು ಫೋನಿನಲ್ಲಿ ನಕ್ಕರು.
"ಭೂಮಿ ಮುಟ್ಟಾಗುವುದಾ?
ಯಂತ್ರದ ಬಾಡಿಗೆ ಯಾರ ಅಪ್ಪ ಕೊಡುವುದು?"
ಅವರದ್ದು ತಪ್ಪೆನ್ನಲು ನನಗೂ ಬಾಯಿ ಬರಲಿಲ್ಲ.
ನನ್ನದೇ ಅರ್ಧ ಮನಸ್ಸು ಆಚೆಗೆ ವಾಲಿತ್ತು.
ಇಡೀ ದಿನ ಬೀಡಿ ಕಟ್ಟಿದ ಬೆರಳಿಗೆ
ಮತ್ತೆ ಮೂರು ದಿನವೆಂದರೆ ಮತ್ತೆ ಮೂವತ್ತು ಕೊಡ.

ಹದಿಮೂರರಲ್ಲಿ ನನ್ನನ್ನು ಕೊಟ್ಟಿಗೆಯ ಪಕ್ಕ ಕೂರಿಸಿದ್ದರು.
ಒಂದು ತಟ್ಟೆ, ಒಂದು ಚಾಪೆ,
ನನ್ನ ನೆರಳಿಗೆ ಹೆದರುವ ಉಪ್ಪಿನಕಾಯಿ ಭರಣಿ.
ಆಗಲೇ ದೂಮಕ್ಕನಲ್ಲಿ ಕೇಳಿದ್ದೆ:
ಅವಳು ಮುಟ್ಟಾದರೆ ಹಬ್ಬ, ನಾನಾದರೆ ಮೂಲೆ, ಯಾಕೆ?
ದೂಮಕ್ಕ ಎಲೆ ಕತ್ತರಿಸುವ ಕತ್ತರಿ ಕೆಳಗಿಟ್ಟು
ಬಹಳ ಹೊತ್ತು ಸುಮ್ಮನಿದ್ದಳು.
"ಅವಳನ್ನು ನೋಯಿಸಬೇಡಿ ಎಂದರು,
ನಿನ್ನನ್ನು ಮುಟ್ಟಬೇಡಿ ಎಂದರು.
ಹೇಳುತ್ತಾ ಹೇಳುತ್ತಾ ಎಲ್ಲೋ ಮಾತು ತಪ್ಪಿತು, ಮಗಾ."
ಆ ಉತ್ತರ ಇನ್ನೂ ನನ್ನ ಬಳಿಯಿದೆ,
ಮೊರದ ಮೂಲೆಯಲ್ಲಿ ಉಳಿದ ಎಲೆಯ ಹಾಗೆ.

ಆ ರಾತ್ರಿ ದೂಮಕ್ಕ ತನ್ನ ಬಾವಿಕಟ್ಟೆಗೆ ಬಲ್ಬು ಹಾಕಿಸಿದಳು.
"ನಳ್ಳಿ ಕಾಯಲಿ. ಬನ್ನಿ, ಸೇದಿ."
ತೆಂಗಿನ ಗರಿ ಬಿದ್ದ ಜಗಳಕ್ಕೆ ಮೂರು ವರ್ಷ ಮಾತು ಬಿಟ್ಟಿದ್ದ
ಲೂಸಿಬಾಯಿ ಕೂಡ ಬೇಲಿ ದಾಟಿ ಹಗ್ಗದ ತುದಿ ಹಿಡಿದಳು.
ಮಾತಾಡಲಿಲ್ಲ.
ಆದರೆ ನನ್ನ ಕೊಡ ತುಂಬುವವರೆಗೆ ಬಿಡಲೂ ಇಲ್ಲ.

ಮೊದಲ ದಿನ ಓಣಿಗೆ ಕೆಂಬೂತದ ಕೂಗು ಮರಳಿತು.
ನಡು ಕೆಡ್ಡಸದಂದು ಮಕ್ಕಳು ಕಣಿಯ ಅಂಚಿನಲ್ಲಿ
ಪಿಸುಮಾತಿನಲ್ಲಿ ಕ್ರಿಕೆಟ್ ಆಡಿದರು, ವಿಕೆಟ್ ಊರದೆ,
ಇಟ್ಟಿಗೆ ಇಟ್ಟು.
ಕೋಳಿಗೆ ಯಾರೂ ಸಾರಿರಲಿಲ್ಲ,
ಅದು ಕೆರೆಯುತ್ತಲೇ ಇತ್ತು.

ಜೆಸಿಬಿಯ ನೆರಳಲ್ಲಿ ಡ್ರೈವರ್ ಮರಿಯಪ್ಪ, ಕುಷ್ಟಗಿ ಕಡೆಯವನು.
ಚಾ ಒಯ್ದರೆ ಎದ್ದು ಕೂತು ಹೇಳಿದ:
"ನಮ್ಮ ಕಡಿ ಸೀಗಿ ಹುಣ್ಣಿವಿಗೆ ಭೂಮ್ತಾಯಿ ಬಸುರಿ ಇರ್ತಾಳ್ರಿ.
ಬುತ್ತಿ ಒಯ್ದು ಹೊಲಕ್ಕ ಚರಗ ಚೆಲ್ತೀವಿ.
ಇಲ್ಲಿ ನೋಡಿದ್ರ ಮುಟ್ಟು ಅಂತೀರಿ."
ಬೆರಳಲ್ಲಿ ತಿಂಗಳು ಎಣಿಸಿದ. ತಪ್ಪಿದ. ಮತ್ತೆ ಎಣಿಸಿದ.
"ಹೌದ್ ಬಿಡ್ರಿ, ನಡುವ ಸುಗ್ಗಿ ಆತಲ್ಲ.
ಹಡದಾಳ."

ನಾಲ್ಕನೆಯ ಬೆಳಿಗ್ಗೆ ತುಳಸಿಕಟ್ಟೆಯೆದುರು ಸೆಗಣಿ ಸಾರಿಸಿ
ಸೀಗೆ, ಅರಸಿನ, ಬಾಚಣಿಗೆ, ಕೈಗನ್ನಡಿ ಇಟ್ಟು
ಎಣ್ಣೆ ಬಿಟ್ಟೆವು.
ಉಳಿದ ಎಣ್ಣೆಯ ಗಿಂಡಿ ಹಿಡಿದು ದೂಮಕ್ಕ ಗೇಟು ದಾಟಿದಳು.
ಕಣಿಯ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು
ತುಂಡಾದ ಹಲಸಿನ ಬೇರಿಗೆ, ಸೀಳಿದ ಮುರಕಲ್ಲಿಗೆ
ಅಂಗೈಯಿಂದ ಸವರಿದಳು;
ಎಷ್ಟೋ ಬಾಣಂತಿಯರ ನೆತ್ತಿ ತಟ್ಟಿದ ಕೈ,
ಅವಸರವೇ ಇಲ್ಲದ ಕೈ.
ಕಲ್ಲು ಒಂದು ಕ್ಷಣ ಹೊಳೆದು, ಕುಡಿದುಬಿಟ್ಟಿತು.

ಹುರಿದಕ್ಕಿ, ಹುರುಳಿ, ಬೆಲ್ಲ ಕುಟ್ಟಿದ ನನ್ನೆರಿಯ ಪೊಟ್ಟಣ
ಮರಿಯಪ್ಪನಿಗೂ ಒಂದು.
ತಿನ್ನುವ ಮೊದಲು ಒಂದು ಚಿಟಿಕೆ ಮಣ್ಣಿಗೆ ಚೆಲ್ಲಿದ,
ಅವನ ಊರಿನ ಚರಗದಂತೆ.
ಆಮೇಲೆ ಚಪ್ಪಲಿ ಕೆಳಗೇ ಬಿಟ್ಟು ಹತ್ತಿದ,
ಇಂಜಿನ್ ಚಾಲು ಮಾಡಿದ.
ಕಬ್ಬಿಣದ ಹಲ್ಲು ಇಳಿದಿಳಿದು
ಮಣ್ಣಿಗೆ ಒಂದು ಗೇಣು ಮೇಲೆ ನಿಂತಿತು.

ಒಮ್ಮೆ, ಮೆಲ್ಲಗೆ, ಹಾರನ್ ಹೊಡೆದ.

ರಸ್ತೆಯಲ್ಲಿ ಯಾರೂ ಇರಲಿಲ್ಲ.