ಹದಿನೇಳನೇ ಕೊಂಡಿ

ಹನ್ನೆರಡೂವರೆಗೆ ಕೆಲಸ ನಿಲ್ಲಬೇಕು, ಕಾನೂನು.
ಮೂರರ ತನಕ ಯಾರೂ ಬಿಸಿಲಿಗೆ ಬರಕೂಡದು.
ಖರ್ಜೂರದ ಮರಗಳು ಮಾತ್ರ ನಿಂತಿರುತ್ತವೆ
ರಾಸ್ ಅಲ್ ಖೈಮಾದ ಕಡಲ ರಸ್ತೆಯುದ್ದಕ್ಕೂ
ಗೊನೆಗೆ ಹಸಿರು ಬಲೆ ಕಟ್ಟಿಸಿಕೊಂಡು.
ನಮ್ಮ ಹಳ್ಳದ ದಂಡೆಯ ಈಚಲಿಗೆ
ಇವು ದೊಡ್ಡಪ್ಪನ ಮಕ್ಕಳು.
ಅದರ ಗರಿಯಲ್ಲಿ ಅವ್ವ ಕಸಬರಿಗೆ ಕಟ್ಟುತ್ತಿದ್ದಳು.
ಇವುಗಳ ಗರಿ ಕಡಿಯಲು ನನಗೆ ವೀಸಾ.

ನೀರಿನ ಟ್ಯಾಂಕರಿನ ನೆರಳಲ್ಲಿ
ಬಕೆಟ್ಟು ಮುಂದಿಟ್ಟು ಕೂರುತ್ತೇನೆ.
ಕ್ಯಾರಬೀನರ್ ಅಂತ ಪೆಟ್ಟಿಗೆಯ ಮೇಲಿದೆ,
ನನ್ನ ಬಾಯಿಗೆ ಕೊಂಡಿ.
ಊರಲ್ಲಿ ಚೇಳಿಗೂ ಅದೇ ಮಾತು, ಕದಕ್ಕೂ.
ಇಲ್ಲಿ ಸೊಂಟಕ್ಕೂ ಹಗ್ಗಕ್ಕೂ ನಡುವೆ
ಇರುವುದು ಅದೊಂದೇ.

ಬೆಚ್ಚಗಿನ ನೀರು ಬೇಕು. ಕಾಯಿಸಬೇಕಿಲ್ಲ,
ನಲ್ಲಿ ತಿರುಗಿಸಿದರೆ ಕೈ ಸುಡುತ್ತದೆ, ಆರಲು ಬಿಡಬೇಕು.
ಸೋಪು ಸ್ವಲ್ಪ. ಬ್ರಷ್ಷು ಯಮನೂರಪ್ಪನದು,
ಊರಿಗೆ ಹೋಗುವಾಗ ಬಿಟ್ಟುಹೋದದ್ದು.
ಕೀಲಿನ ಸಂದಿಯಲ್ಲಿ ಹಣ್ಣಿನ ರಸ
ಬೆಲ್ಲದ ಪಾಕದಂತೆ ಅಂಟಿರುತ್ತದೆ,
ಪಾಕದ ಮೇಲೆ ಮರಳು, ಮರಳಿನ ಮೇಲೆ ಕಡಲ ಉಪ್ಪು.
ಉಜ್ಜಿದರೆ ಬಕೆಟ್ಟಿಗೆ ಪಾನಕದ ಬಣ್ಣ.

ಮೊದಲ ವರ್ಷ ಕೊಬ್ಬರಿ ಎಣ್ಣೆ ಬಿಟ್ಟಿದ್ದೆ,
ಬಂಡಿಯ ಗಾಲಿಗೆ ಬಿಟ್ಟ ಹಾಗೆ.
ಮಧ್ಯಾಹ್ನದೊಳಗೆ ಮರಳೆಲ್ಲ
ಮದುವೆಯೂಟಕ್ಕೆ ಬಂದಂತೆ ಬಂತು.
ಈಗ ಒಣಗುವ ಮೇಣ, ಒಂದೇ ಹನಿ.
ಉಳಿದದ್ದು ಬನಿಯನ್ ಚೂರಿಗೆ.

ಆಮೇಲೆ ಕಿವಿಯ ಕೆಲಸ.
ಹೆಬ್ಬೆರಳಿಂದ ಬಾಯಿ ತೆರೆದು ಬಿಡಬೇಕು.
ಟಕ್.
ಹಾಗೆ ಅನ್ನಬೇಕು, ತಾನಾಗಿ.
ತಡೆದು ತಡೆದು ಅಂದರೆ ಮತ್ತೆ ನೀರಿಗೆ.
ಅರ್ಧಕ್ಕೆ ನಿಂತು ಸುಮ್ಮನಾದರೆ
ಆ ಕೊಂಡಿ ನಿನ್ನ ಕಡೆಗಿಲ್ಲ.

ಹದಿನೇಳನೆಯದು ಟಕ್ ಅಂತು.
ಒರೆಸಿ ಪಕ್ಕಕ್ಕಿಡುತ್ತಿದ್ದೆ.
ಶಫಿಯುಲ್ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತ.
ನೋವಾಖಾಲಿಯ ಹುಡುಗ, ಬಂದು ಐದು ತಿಂಗಳು.
ಇನ್ನೊಂದು ಬ್ರಷ್ಷು ತಗೊಂಡು
ನಾನು ತೊಳೆದದ್ದನ್ನೇ ತೊಳೆದ.
ಆಮೇಲೆ ಮುರುಕು ಹಿಂದಿಯಲ್ಲಿ
ಬಕೆಟ್ಟಿಗೆ ಹೇಳುವಂತೆ ಹೇಳಿದ:
ಹುಲ್ಗಪ್ಪ ಭಾಯ್, ಅದು ಬಿದ್ದಿತ್ತು.
ಯಾವಾಗ?
ಮಂಗಳವಾರ.
ಎಲ್ಲಿಂದ?
ಕತ್ತೆತ್ತಿ ಮರದ ತುದಿ ನೋಡಿದ.
ಕೆಳಗೆ ಏನಿತ್ತು?
ಕಾಂಕ್ರೀಟು.

ಮಂಗಳವಾರದಿಂದ ಇವತ್ತಿಗೆ
ಎಷ್ಟು ಮರ ಅಂತ ಲೆಕ್ಕ ಹಾಕಿದೆ.
ಹದಿನೇಳು ಯಾರ ಸೊಂಟದಲ್ಲಿತ್ತು ಅಂತ
ನೆನೆಸಿಕೊಂಡೆ.
ನನ್ನದರಲ್ಲೇ ಇತ್ತು.

ಸಂಬಳ ಹಿಡೀತಾರೆ ಅಂತ ಹೇಳಲಿಲ್ಲ, ಅಂದ.
ಬೈಗುಳ ಬಾಯಿತನಕ ಬಂತು, ಊರಿನ ಬೈಗುಳವೇ.
ನುಂಗಿದೆ. ಬೈದರೆ
ಇನ್ನೊಂದು ಬಿದ್ದ ದಿನ ಇವನು ಬಂದು ಕೂರುವುದಿಲ್ಲ.

ಬೆಳಕಿಗೆ ಹಿಡಿದು ತಿರುಗಿಸಿದೆವು, ಉಗುರು ಆಡಿಸಿದೆವು.
ಗೀರಿಲ್ಲ, ಬಿರುಕಿಲ್ಲ,
ಮದುಮಗನ ಉಂಗುರದ ಹಾಗೆ ಮಿನುಗುತ್ತದೆ.
ಸೂಪರ್‌ವೈಸರ್ ಹಮ್ದಿ ಕಾರಿನ ಗಾಜಿಳಿಸಿ ನೋಡಿ
ಮಾಫಿ ಮುಷ್ಕಿಲ್, ಹಾಕ್ಕೊಳ್ಳಿ, ಅಂದ.
ಗಾಜು ಏರಿತು.

ಒಳಗೆ ಒಡೆದದ್ದೂ ಟಕ್ ಅಂತದೆ, ತಮ್ಮಾ,
ಯಮನೂರಪ್ಪ ಅನ್ನುತ್ತಿದ್ದ.
ಯಾವ ಕೊಂಡಿಯನ್ನು ನೋಡಿ ಅಂದನೋ, ಕೇಳಿರಲಿಲ್ಲ.

ಕಸಕ್ಕೆ ಎಸೆದರೆ ಯಾರಾದರೂ ಎತ್ತಿಕೊಂಡಾರು.
ಗರಗಸ ತಂದೆ.
ಅವನು ಹಿಡಿದ, ನಾನು ಎಳೆದೆ.
ಉಕ್ಕು. ಬ್ಲೇಡು ಮುರಿಯಿತು, ಬೇರೆ ಹಾಕಿದೆ.
ನಾನು ಹಿಡಿದೆ, ಅವನು ಎಳೆದ.
ಮರಳ ಮೇಲೆ ಸಣ್ಣಗೆ ಬೆಳ್ಳಿಪುಡಿ.
ಮೂರಕ್ಕೆ ಇನ್ನು ಐದು ನಿಮಿಷ,
ಅರ್ಧವೂ ಕೊಯ್ದಿರಲಿಲ್ಲ.

ಎಷ್ಟು ಗಟ್ಟಿ ಇದೆ, ಅಂದ ಬೆವರೊರೆಸಿ,
ಇದಕ್ಕೆ ಏನೂ ಆಗಿರಲಿಲ್ಲವೇನೋ.

ಇರಬಹುದು, ಅಂದೆ.
ಎಳಿ.