ಗಂಟೆಗೆ ಮೂವತ್ತು

ಕಲ್ಲಂಗಡಿ ಹೊತ್ತಿದ್ದೇನೆ, ಉಣ್ಣೆಯ ಮೂಟೆ, ಕಾಲು ಕಟ್ಟಿದ ಟಗರು,
ಒಮ್ಮೆ ಸೋದರಮಾವನ ಹೆಣ, ತಲೆ ವಾಲದ ಹಾಗೆ.
ಆದರೂ ಕಾಲಿಪಾ ಎಜೆ ನನ್ನ ಮುದಿ ನೀವಾದ ಬಾಗಿಲು ತೆಗೆದು
ಒಳಗೆ ಇಣುಕಿದಂತೆ ಯಾರೂ ಇಣುಕಿರಲಿಲ್ಲ.
ಒಂಬತ್ತನೇ ಕ್ಲಾಸಿನಲ್ಲಿ ಎರಡು ಸಲ
ಭೌತಶಾಸ್ತ್ರದಲ್ಲಿ ನನ್ನ ಫೇಲು ಮಾಡಿದ ಟೀಚರು.

"ಹಿಂದಿನ ಸೀಟು ಕಿತ್ತುಹಾಕು."
ಕಿತ್ತೆ.
"ಜಾಕು, ಸ್ಪ್ಯಾನರು, ಬಾಟಲಿ, ಉರುಳುವುದೆಲ್ಲ ಹೊರಗೆ."
ಇಟ್ಟೆ. ಇನ್ನು ನನ್ನನ್ನೂ ಇಳಿಸುತ್ತಾರೇನೋ ಅಂದುಕೊಂಡೆ.

ಕೊಳವೆ ಬೇರೆ, ಕನ್ನಡಿ ಬೇರೆ.
ಕನ್ನಡಿಯ ಗಾಜು ಯಾವುದೋ ಹಡಗಿನ ಕಿಟಕಿಗೆಂದು ಎರೆದದ್ದಂತೆ,
ಸೋವಿಯತ್ ಕಾಲದಲ್ಲಿ ರೈಲು ತಪ್ಪಿ
ಸಮುದ್ರವೇ ಇಲ್ಲದ ನಮ್ಮ ನಾಡಿಗೆ ಬಂತಂತೆ.
ಅಡುಗೆಮನೆಯ ನಡುವೆ ಪೀಪಾಯಿ ನಿಲ್ಲಿಸಿ
ಗಂಡಹೆಂಡಿರಿಬ್ಬರೂ ಎರಡು ಚಳಿಗಾಲ
ಸುತ್ತ ನಡೆದು, ನಡೆದು, ತಿಕ್ಕಿದರಂತೆ.
"ಮೀನು ನೋಡಬೇಕಿದ್ದ ಗಾಜು ಈಗ ನಕ್ಷತ್ರ ನೋಡುತ್ತದೆ" ಅಂದೆ,
ಚೆಂದದ ಮಾತು ಹೊಳೆಯಿತೆಂದು.
"ಗಾಜು ನೋಡುವುದಿಲ್ಲ. ಬೆಳಕನ್ನು ತಿರುಗಿಸಿ ಕೊಡುತ್ತದೆ."
ಮೂರನೇ ಸಲ ಫೇಲು.

ಕೊಳವೆಯ ಅಡಿಗೆ ಅವರಮ್ಮ ಹೊಲಿದ ಶಿರ್ದಾಕ್,
ಟಗರುಕೊಂಬಿನ ಚಿತ್ತಾರದ ದಪ್ಪ ನಮದೆ.
ಪಟ್ಟಿ ಕಟ್ಟಿದ್ದು ಬಿಗಿಯಾಗಿಯಲ್ಲ,
ತೊಟ್ಟಿಲ ಕೂಸಿಗೆ ಕಟ್ಟುವಷ್ಟು.
ಕಣ್ಣಿಡುವ ಮಸೂರಗಳು ಗಂಡನ ಕಾಲುಚೀಲದೊಳಗೆ.
ಆತ ಹೋಗಿ ಎಂಟು ವರ್ಷ,
ಕಾಲುಚೀಲ ಇನ್ನೂ ಜೋಡಿ ತಪ್ಪಿಲ್ಲ.
ಕನ್ನಡಿಯ ಪೆಟ್ಟಿಗೆ ಮಾತ್ರ ಅವರ ತೊಡೆಯ ಮೇಲೆ.

"ಗಂಟೆಗೆ ಮೂವತ್ತು" ಅಂದರು. ಸರಿ, ಮೂವತ್ತು.
ಲಾರಿಗಳು ಬೈದವು. ಬಸ್ಸು ಬೈದಿತು.
ಕತ್ತೆಯ ಮೇಲಿನ ಹುಡುಗನೊಬ್ಬ
ಸ್ವಲ್ಪ ದೂರ ಜೊತೆಗೇ ಬಂದ.
ತನಿಖೆಯ ಪೊಲೀಸ ಕೊಳವೆ ತಟ್ಟಿ ಕೇಳಿದ: "ತೋಪೇ?"
"ಹೌದು, ಗುಂಡು ಮಾತ್ರ ಹೊರಗಿನಿಂದ ಒಳಗೆ ಬರುತ್ತದೆ."
ಅವನು ನಗಲಿಲ್ಲ. ಚಕ್ರ ಒದ್ದ, ಕಾಗದ ನೋಡಿದ, ಬಿಟ್ಟ.

ತೂ-ಆಶೂ ಕಣಿವೆಯ ತಿರುವುಗಳನ್ನೆಲ್ಲ
ತುಂಬಿದ ಬಟ್ಟಲು ಹಿಡಿದವನ ಹಾಗೆ ಹತ್ತಿದೆ.
ತುದಿಯ ಸುರಂಗದಲ್ಲಿ, ಕತ್ತಲು, ಹೊಗೆ, ಎದುರು ಲಾರಿಯ ಬೆಳಕು,
ಧಡ್.
ಒಂದೇ ಗುಂಡಿ.
ಎಜೆ ಪೆಟ್ಟಿಗೆ ತೆರೆಯಲಿಲ್ಲ. ಬೈಯಲೂ ಇಲ್ಲ.
ಆಚೆ ಸುಸಾಮಿರ್‌ನ ಹುಲ್ಲು ಕಾಣುವವರೆಗೆ
ನಮ್ಮಿಬ್ಬರ ನಡುವೆ ಆ ಗುಂಡಿಯೇ ಕೂತಿತ್ತು.

ಕುದುರೆ ಕಾಯುವ ಅವರ ತಮ್ಮನ ಗುಡಾರ. ಕುಮಿಸ್ ಕೊಟ್ಟರು.
"ಬಿಸಿ ಗಾಡಿಯಿಂದ ಇಳಿದ ಗಾಜು ಬೆವರುತ್ತದೆ, ಮುಟ್ಟಬೇಡ."
ಬೆವರುತ್ತಿದ್ದವನು ನಾನು.

ರಾತ್ರಿ ಅವರು ಕಣ್ಣಿಟ್ಟು ಬಹಳ ಹೊತ್ತು ಸುಮ್ಮನಿದ್ದರು.
"ಬಾಲ ಬಂದಿದೆ. ಎಲ್ಲ ನಕ್ಷತ್ರವೂ ಅಲ್ಪವಿರಾಮ."
"ಗುಂಡಿ" ಅಂದೆ.
"ಗುಂಡಿ" ಅಂದರು. ಕೈಗೆ ಐದು ಸೋಮ್ ನಾಣ್ಯ ಕೊಟ್ಟರು.
"ಬುಡದಲ್ಲಿ ಮೂರು ಸ್ಕ್ರೂ. ನೀನೇ ತಿರುಗಿಸು."
ಮಂಡಿಯೂರಿ, ಒದ್ದೆ ಹುಲ್ಲಲ್ಲಿ, ಬೆರಳು ಮರಗಟ್ಟಿ:
ಎಡಕ್ಕೆ. ಕೂದಲಷ್ಟು. ಅತಿಯಾಯಿತು. ಹಿಂದಕ್ಕೆ. ಇನ್ನೊಂದು.
"ನಿಲ್ಲು."
ಅಷ್ಟು ಮೆಲ್ಲಗೆ ಅವರು ತರಗತಿಯಲ್ಲಿ ಮಾತಾಡಿದ್ದೇ ಇಲ್ಲ.
"ಚುಕ್ಕೆ" ಅಂದರು. "ಪೂರ್ಣವಿರಾಮ."

ಮಕ್ಕಳು ಸಾಲು ನಿಂತರು, ಬೆಗಿಮಾಯ್ ಎರಡು ಸಲ ನುಸುಳಿದಳು.
ನನ್ನ ಪಾಳಿ ಬರುವಷ್ಟರಲ್ಲಿ ಮೋಡ.

ಮರುವಾರ ಕಲ್ಲಂಗಡಿ ಹೇರಿದ್ದೆ, ಮುನ್ನೂರು ಕಿಲೋ, ಬಜಾರಿಗೆ.
ಹಿಂದಿನವರೆಲ್ಲ ಹಾರ್ನು ಒತ್ತುತ್ತಿದ್ದರು.
ಮುಳ್ಳು ನೋಡಿದೆ: ಮೂವತ್ತು.