ತಲೆ ಬೇಡ, ಬಾಯಿ

ಕಾಸರಗೋಡಿನ ತರಬೇತಿ ಹಾಲಿನಲ್ಲಿ
ಮೂರು ಹಂತದ ಕಲಿಕಾ ಬೆಂಬಲ ಅಂದರೇನೆಂದು
ಎರಡು ದಿನ ಮಲಯಾಳದಲ್ಲಿ ಹೇಳಿದರು.
ನಾನು ಬಾಯಾರಿನ ಕನ್ನಡ ಶಾಲೆಯವಳು.
ಬಸ್ಸಿನ ಬೋರ್ಡು ಓದುವಷ್ಟು, ಬಂಗುಡೆಗೆ ರೇಟು ಕೇಳುವಷ್ಟು
ಮಲಯಾಳ ಉಂಟು ನನಗೆ.
ಪರದೆಯ ಮೇಲೆ ತ್ರಿಕೋನ ಬಂತು:
ಅಡಿಗೆ ಹಸಿರು, ನಡುವೆ ಹಳದಿ, ತುದಿಗೆ ಕೆಂಪು.
ಬಣ್ಣ ಅರ್ಥವಾಯಿತು.
"ಮನಸ್ಸಿಲಾಯೋ?" ಅಂತ ಕೇಳಿದಾಗಲೆಲ್ಲ
ನಲವತ್ತು ತಲೆಗಳ ಜೊತೆ ನನ್ನದೂ ಆಡಿತು,
ಅರೆಕ್ಷಣ ತಡವಾಗಿ.

ಆ ಅರೆಕ್ಷಣವನ್ನು ಎಲ್ಲೋ ಕಂಡಿದ್ದೆ.
ನಾಲ್ಕನೇ ಕ್ಲಾಸಿನ ಕಿಟಕಿಯ ಬದಿ
ಮೋಕ್ಷಿತ್ ನಾಯ್ಕ ಹೀಗೆಯೇ:
ಮೊದಲು ಪಕ್ಕದವನ ತಲೆ ನೋಡುತ್ತಾನೆ,
ಆಮೇಲೆ ತನ್ನದನ್ನು ಆಡಿಸುತ್ತಾನೆ.
ಜೂನಿನಿಂದ ನವೆಂಬರಿನವರೆಗೆ ಅದನ್ನು ನಾನು
ಹೌದು ಅಂತಲೇ ಬರೆದುಕೊಂಡಿದ್ದೆ.

ಚಹಾದ ಹೊತ್ತಿಗೆ ಚೆರುವತ್ತೂರಿನ ಬೀನಾ ಟೀಚರ್
ನನ್ನ ನೋಟುಪುಸ್ತಕ ಎಳೆದುಕೊಂಡರು.
ಒಂದು ತ್ರಿಕೋನ. ಕೆಳಗೆಲ್ಲ ಖಾಲಿ.
ಅಯ್ಯೋ ಪಾಪ ಅನ್ನಲಿಲ್ಲ.
ಪರಿಪ್ಪುವಡೆ ಮುರಿದು ಅರ್ಧ ನನ್ನ ತಟ್ಟೆಗಿಟ್ಟು,
ಅರ್ಧ ಮಲಯಾಳ, ಕಾಲು ಕೈಸನ್ನೆ,
ಉಳಿದ ಕಾಲು ಅವರಿಗೆ ಬಾರದ ಕನ್ನಡ:
"ಎಲ್ಲಾ ಮಕ್ಕಳು, ಅದು ಒಂದ್.
ಕೊರಚ್ಚು ಮಕ್ಕಳು, ಅದು ರಂಡ್.
ಪಿನ್ನೆ ಒಂದೇ ಮಗು. ಒಂದೇ."
ನಾನು ತಲೆಯಾಡಿಸಿದೆ.
"ತಲೆ ಬೇಡ ಟೀಚರೇ," ಅಂದರು, "ಬಾಯಿ."

ಹೇಳಿದೆ. ತಪ್ಪಿತು. ಇನ್ನೊಮ್ಮೆ ಹೇಳಿದೆ.
ಐವತ್ತೆರಡರ ಪ್ರಾಯದಲ್ಲಿ
ಕಿವಿ ಬಿಸಿಯಾಗಿ, ವಡೆ ಗಂಟಲಲ್ಲಿ ನಿಂತು.

ಶಾಲೆಗೆ ಬಂದು ಪಟ್ಟಿ ಮಾಡಿದೆ.
ಇಪ್ಪತ್ತಮೂರರಲ್ಲಿ ಹದಿನೈದು ಹಸಿರು.
ಏಳು ಹಳದಿ; ಅವರಿಗೆ ಗಂಜಿಯೂಟದ ಮೇಲೆ ಅರ್ಧ ಗಂಟೆ ಒತ್ತಕ್ಷರ.
ಕೆಂಪು ಪೆನ್ನು ಖಾಲಿಯಾಗಿದೆ ಅಂತ ನನಗೆ ನಾನೇ ಸುಳ್ಳು ಹೇಳಿ
ಮೋಕ್ಷಿತನ ಹೆಸರನ್ನು ಪೆನ್ಸಿಲಿನಲ್ಲಿ ಬರೆದೆ.

ಅವನಿಗೆ ಮನೆಯಲ್ಲಿ ಮರಾಟಿ, ಅಂಗಡಿಯಲ್ಲಿ ತುಳು,
ಟಿವಿಯಲ್ಲಿ ಮಲಯಾಳ.
ಕನ್ನಡ ಇರುವುದು ನನ್ನ ಬಾಯಲ್ಲಿ ಮಾತ್ರ,
ಹತ್ತರಿಂದ ನಾಲ್ಕರವರೆಗೆ.

ಅಕ್ಕಿಚೀಲದ ಕೋಣೆಯಲ್ಲಿ ಒಂದು ಬೆಂಚು, ಇಪ್ಪತ್ತು ನಿಮಿಷ.
ಮೊದಲ ವಾರ ಮಾತಿಲ್ಲ.
ಎರಡನೆಯ ವಾರವೂ. ಇಲಿ ಮಾತ್ರ.
ಮೂರನೆಯ ವಾರ ಪ ತೋರಿಸಿ,
"ಇದರ ಹೊಟ್ಟೆ ಸೀಳಿದರೆ ಷ" ಅಂದೆ.
"ಅದಕ್ಕೆ ನೋವಾಗುದಿಲ್ವಾ ಟೀಚರ್?"

ಆಮೇಲೆ ಅಜ್ಜನ ಸುದ್ದಿ ಬಂತು.
ಅಜ್ಜ ಸುರಂಗ ಕೊರೆಯುವವರು.
ಗುಡ್ಡೆಯ ಹೊಟ್ಟೆಗೆ ಅಡ್ಡ ಹೋಗಬೇಕು,
ಒಬ್ಬ ಕೂತು ಹಾರೆ ಆಡಿಸುವಷ್ಟೇ ಅಗಲ.
ಮೊಂಬತ್ತಿ ಕೆಟ್ಟರೆ ಗಾಳಿ ಇಲ್ಲ ಅಂತ ಲೆಕ್ಕ, ಹೊರಗೆ ಬರಬೇಕು.
ಇಷ್ಟೇ ಕೋಲಿಗೆ ನೀರು ಅಂತ ಇಲ್ಲ.
"ಹಾಗಾದರೆ ಎಲ್ಲಿ ನಿಲ್ಲಿಸ್ತಾರೆ?"
ಅವನು ನನ್ನನ್ನು ದಡ್ಡಿಯ ಹಾಗೆ ನೋಡಿದ.
"ಮಣ್ಣು ತಂಪಾಯ್ತಲ್ಲ ಟೀಚರ್,
ಮತ್ತೆ ಯಾರು ನಿಲ್ಲಿಸ್ತಾರೆ?"

ಆರನೆಯ ವಾರ ಮೇಲಿನಿಂದ ನಮೂನೆ ಬಂತು, ಮಲಯಾಳದಲ್ಲಿ.
ಬೀನಾರಿಗೆ ಫೋನು ಹಚ್ಚಿ ಓದಿಸಿಕೊಂಡೆ.
ಮಗು ಗುರಿ ತಲುಪಿತೇ?
ಎರಡೇ ಚೌಕ.
ಮೋಕ್ಷಿತ್ ಅಂದು ಓದಿದ್ದು ಮೂರು ಪದ:
ಪಟ, ಪದಕ, ಷಟ್ಪದಿ.
ಕೊನೆಯದರ ಅರ್ಥ ಅವನಿಗೆ ಗೊತ್ತಿಲ್ಲ,
ಸೀಳಿದ ಹೊಟ್ಟೆ ಕಂಡು ಬೆರಳು ಇಟ್ಟದ್ದು.
ಇಲ್ಲ ಎಂಬ ಚೌಕಕ್ಕೆ ಗೀಟು ಹಾಕಿ
ಅಂಚಿನಲ್ಲಿ ಕನ್ನಡದಲ್ಲಿ ಬರೆದೆ: ಮಣ್ಣು ತಂಪಾಗಿದೆ.
ಓದುವವರು ಯಾರನ್ನಾದರೂ ಕೇಳಿಕೊಳ್ಳಲಿ.

ನಿನ್ನೆ ಭಾಗಾಕಾರ.
ಬೋರ್ಡಿಗೆ ಬೆನ್ನು ಹಾಕಿ ಎಂದಿನಂತೆ ಕೇಳಿದೆ:
"ಗೊತ್ತಾಯ್ತಾ?"
ಇಪ್ಪತ್ತೆರಡು ತಲೆ ಆಡಿದವು.
ಕಿಟಕಿಯ ಬದಿಯಿಂದ, ಪಕ್ಕಕ್ಕೆ ನೋಡದೆ,
"ಇಲ್ಲ ಟೀಚರ್."

ಚಾಕು ಕೆಳಗಿಟ್ಟೆ. ಚಾಕಲ್ಲ, ಚಾಕ್‌ಪೀಸು.
ನೋಡಿದರೆ, ಹಸಿರೆಂದು ನಾನು ಬರೆದಿದ್ದವರಲ್ಲಿ
ಇಬ್ಬರ ತಲೆ
ಆಡುತ್ತಿದ್ದದ್ದು ನಿಂತಿತ್ತು.